ಹಿಟ್ಟಿಗೆ ಹೊದೆಸಿದ ಕಂಬಳಿ

"ನನ್ನ ಮಗಳು ಈ ವರ್ಷವೇ ಕಾಲೇಜು ಸೇರದಿದ್ದರೆ ನಾನು ಕೃಷ್ಣರಾಜನೇ ಅಲ್ಲ!"

ಚೆನ್ನೈಯ ವೇಲಚೇರಿಯ ಫ್ಲ್ಯಾಟು ಅದುರುವಂತೆ ಗುಡುಗಿದ ಬ್ಯಾಂಕ್ ಮ್ಯಾನೇಜರ್ ಕೃಷ್ಣರಾಜ. ಮಗಳು ವೀಕ್ಷಾ ಜಗ್ಗಿದರೆ ತಾನೆ? ಅಡ್ಯಾರಿನ ದುಬಾರಿ ಶಾಲೆಯಲ್ಲಿ ಹನ್ನೆರಡನೇ ಕ್ಲಾಸಿನವರೆಗೆ ಎದುರುತ್ತರವನ್ನೇ ಕಲಿಸಿದ್ದರೋ ಏನೋ!

"ಒಂದು ವರ್ಷ ಗ್ಯಾಪ್ ತಗೋತೀನಪ್ಪಾ. ದೋಸೆ ಹಿಟ್ಟು ಮಾರ್ತೀನಿ. ಏನು ಓದ್ಬೇಕು ಅಂತ ಗೊತ್ತಾದ್ಮೇಲೆ ಕಾಲೇಜು."

"ಹಿಟ್ಟಾ? ನಮ್ಮ ವಂಶದಲ್ಲಿ..."

"ನಿಮ್ಮ ವಂಶದಲ್ಲಿ ಎಲ್ಲರೂ ದೋಸೆ ತಿಂದವರೇ ತಾನೆ?" ಎಂದಳು ಹೆಂಡತಿ ಚಂದ್ರಮತಿ.

ಕೃಷ್ಣರಾಜ ಪಂಥ ಹಾಕಿದ. "ಭಾನುವಾರ ಹತ್ತು ಮನೆಗೆ ಹಿಟ್ಟು ಕೊಡು. ಒಂದೇ ಒಂದು ಕಂಪ್ಲೇಂಟ್ ಬಂದರೂ ಸೋಮವಾರ ಫೀಸು ಕಟ್ಟಿಬಿಡ್ತೀನಿ!"

"ಓಕೆ, ಡನ್!"

ಭಾನುವಾರ ಬೆಳಿಗ್ಗೆ ಆರಕ್ಕೇ ಹಿಟ್ಟು ರುಬ್ಬಿಟ್ಟು ವೀಕ್ಷಾ ಕವರು ತರಲು, ಹತ್ತು ಮನೆ ಗೊತ್ತು ಮಾಡಲು ಹೋದಳು. ಕೃಷ್ಣರಾಜ ಅಡುಗೆಮನೆಗೆ ಇಣುಕಿದ. ಹಿಟ್ಟು ಇನ್ನೂ ಉಬ್ಬಿರಲಿಲ್ಲ. ಎಷ್ಟಾದರೂ ಅಪ್ಪನ ಕರುಳು, ಚುರುಕ್ ಎಂದಿತು! ಮೈಸೂರಿನಲ್ಲಿ ಅವನಮ್ಮ ಚಳಿಗಾಲದಲ್ಲಿ ಹಿಟ್ಟಿನ ಪಾತ್ರೆಗೆ ಕಂಬಳಿ ಸುತ್ತುತ್ತಿದ್ದರು. ಇವನೂ ತನ್ನ ಕಂಬಳಿ ತಂದು ಬಿಗಿಯಾಗಿ ಸುತ್ತಿದ. ಇದು ಚೆನ್ನೈ, ಈಗ ಮೇ ತಿಂಗಳು ಎಂಬ ಎರಡು ಚಿಲ್ಲರೆ ವಿಷಯಗಳು ಆ ಮಹಾಮೇಧಾವಿಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಉಕ್ಕಿ, ಕಟ್ಟೆಯಿಳಿದು, ನೆಲದ ಮೇಲೆ ನಡುಮನೆಯ ಕಡೆಗೆ ದಂಡೆತ್ತಿ ಹೊರಟಿತ್ತು! ಹಿಟ್ಟಿನಲ್ಲಿ ಮುಳುಗಿದ್ದ ಕಂಬಳಿಯನ್ನು ಒರೆಸುವ ಬಟ್ಟೆಯೆಂದುಕೊಂಡು ಮೂಲೆಗೆ ತಳ್ಳಿ, ಉಳಿದದ್ದನ್ನೇ ಬಳಿದು ವೀಕ್ಷಾ ಹಂಚಿ ಬಂದಳು. ಹತ್ತೇ ನಿಮಿಷದಲ್ಲಿ ಮೂರನೇ ಮಹಡಿಯ ಸೀತಾ ಮಾಮಿ ಮುಖ ಕಿವುಚಿಕೊಂಡು ಬಾಗಿಲಿಗೆ ಬಂದರು.

"ಅಯ್ಯೋ, ರೊಂಬ ಪುಳಿಪ್ಪು!"

"ಬಂತು ಕಂಪ್ಲೇಂಟ್! ಹುಳಿಯಂತೆ! ನಾಳೆಯೇ ಫೀಸು!" ಕೃಷ್ಣರಾಜ ಕುಣಿದ.

ವೀಕ್ಷಾಳ ಕಣ್ಣು ತುಂಬಿತು. ಗಂಟಲು ಮಾತ್ರ ತಗ್ಗಲಿಲ್ಲ. "ಕಟ್ಟಿ! ಕ್ಲಾಸಲ್ಲಿ ನೀವೇ ಹೋಗಿ ಕೂತ್ಕೊಳ್ಳಿ!"

ಅಷ್ಟರಲ್ಲಿ ಚಂದ್ರಮತಿ ಹಿಟ್ಟು ತೊಟ್ಟಿಕ್ಕುವ ಕಂಬಳಿ ಹಿಡಿದು ಬಂದಳು. "ರೀ, ಇದು ನಿಮ್ಮದಲ್ವಾ? ತಾನೇ ನಡ್ಕೊಂಡು ಅಡುಗೆಮನೆಗೆ ಬಂತಾ?"

"ಅದು... ಹಿಟ್ಟಿಗೆ ಚಳಿ ಆಗತ್ತೆ ಅಂತ..."

"ಚೆನ್ನೈಯಲ್ಲಾ? ಮೇ ತಿಂಗಳಲ್ಲಾ?"

"ಹಾಗಾದ್ರೆ ತಪ್ಪು ನಿಮ್ಮದು, ವರ್ಷ ನಂದು!" ವೀಕ್ಷಾ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು. "ಹತ್ತು ಮನೆಗೂ ಹೊಸ ಹಿಟ್ಟು ನೀವೇ ಕೊಟ್ಟು ಬರ್ಬೇಕು."

ಮರುದಿನ ಸಂಜೆ ಹಿಟ್ಟಿನ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತ ಕೃಷ್ಣರಾಜನನ್ನು ಸೀತಾ ಮಾಮಿ ಮೇಲಿಂದ ಕೆಳಗೆ ನೋಡಿದರು. ಬ್ಯಾಂಕಿನ ಕೆಲಸ ಬಿಟ್ಟುಬಿಟ್ಟಿರಾ ಎಂದು ತಮಿಳಿನಲ್ಲಿ ಕನಿಕರದಿಂದ ಕೇಳಿದರು.

"ಇಲ್ಲ ಮಾಮಿ, ಸಂಜೆ ಹೊತ್ತು ಮಗಳ ಹತ್ರ ಕೆಲಸಕ್ಕೆ ಸೇರಿದ್ದೀನಿ," ಎಂದ ಕೃಷ್ಣರಾಜ. "ಕಂಪ್ಲೇಂಟ್ ಬರದಿದ್ರೆ ವರ್ಷ ಪೂರ್ತಿ ಇಟ್ಕೋತಾಳಂತೆ!"