ಟೀವಿಯವರ ಕೊಸರು

ನಮ್ಮ ಶೈಲ ಗೆದ್ದಳು! ಟೀವಿಯ ಪ್ರಶ್ನೆ ಸ್ಪರ್ಧೆಯಲ್ಲಿ, ಅದೂ ಕೊನೆಯ ಬೋನಸ್ ಸುತ್ತಿನಲ್ಲಿ, ನನ್ನ ಮೊಮ್ಮಗಳು ಗೆದ್ದಳು. ಹತ್ತು ದಪ್ಪ ದಪ್ಪ ಪುಸ್ತಕ, ಮೇಲೆ ಒಂದು ಸೈಕಲ್. ನಮ್ಮ ಟೀವಿಯಲ್ಲಿ ಅದು ಬೂದಿ ಬಣ್ಣ, ನಿಜಕ್ಕೂ ಕೆಂಪಂತೆ. ದೇರೆಬೈಲಿನ ನಮ್ಮ ಓಣಿಯಲ್ಲಿ ಈ ಸುದ್ದಿ ತಿಳಿಯದವರು ಇನ್ನೂ ಇದ್ದರೆ ಅದು ನನ್ನ ತಪ್ಪಲ್ಲ, ಅವರ ಕಿವಿಯ ತಪ್ಪು.

ಆದರೆ ಗೆಲ್ಲುವ ಮೊದಲು ನನ್ನ ಜೀವ ಅರ್ಧ ಹೋಗಿತ್ತು. ಅದಕ್ಕೆ ಕಾರಣ ನಾನೇ. ನಾನು ಓದಿದ್ದು ಮೂರನೇ ಕ್ಲಾಸು. ಪೂರ್ತಿಯಾಗಿ ಕಲಿತ ವಿದ್ಯೆ ಒಂದೇ, ಕೊಸರು ಕೇಳುವುದು. ಉರ್ವ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಲೀಲಕ್ಕ ಬಂಗುಡೆ ಎಣಿಸಿ ಹಾಕಿದ ಮೇಲೂ ನಾನು ಚೀಲದ ಬಾಯಿ ಮುಚ್ಚುವುದಿಲ್ಲ. ಹಿಡಿದುಕೊಂಡೇ ನಿಲ್ಲುತ್ತೇನೆ. "ಎಂತ ಅಕ್ಕ, ಬುಟ್ಟಿಯನ್ನೇ ತೆಗೊಂಡು ಹೋಗ್ತೀರಾ?" ಎಂದು ಬೈಯುತ್ತಾ ಅವಳು ಇನ್ನೊಂದು ಎಸೆಯುತ್ತಾಳೆ. ಆ ಒಂದು ಮೀನಿನ ರುಚಿ ಉಳಿದವಕ್ಕೆ ಇಲ್ಲ. ಹಾಗಾಗಿ ಶೈಲ ರೆಕಾರ್ಡಿಂಗಿಗೆಂದು ಟೀಚರ ಜೊತೆ ಬೆಂಗಳೂರಿಗೆ ಹೊರಟಾಗ ಮೆಲ್ಲಗೆ ಕಿವಿಯಲ್ಲಿ ಹೇಳಿದ್ದೆ: "ಕೊಟ್ಟದ್ದು ತೆಗೊಂಡು ಕೂಡಲೇ ಏಳಬೇಡ ಮಗಾ. ಮೇಲೆ ಎಂತ ಉಂಟು ಅಂತ ನೋಡು."

ಹೋಗಿ ಬಂದಳು. ಆದರೆ ಬಾಯಿ ಬಿಡಲಿಲ್ಲ. ಟೀವಿಯಲ್ಲಿ ತೋರಿಸುವವರೆಗೆ ಯಾರಿಗೂ ಹೇಳಬಾರದೆಂದು ಟೀಚರ ಆಜ್ಞೆಯಂತೆ. ಬಹುಮಾನ ಎಂತ ಇದ್ದರೂ ಮನೆಗೆ ಬರುವುದು ಆಮೇಲೆಯೇ ಅಂತೆ. ಎರಡು ವಾರ ನೀರುದೋಸೆ ಹೊಯ್ದು ಕೇಳಿದೆ, ಸಿಟ್ಟು ಮಾಡಿ ಕೇಳಿದೆ. ದೋಸೆ ತಿಂದಳು, ಉತ್ತರ ಕೊಡಲಿಲ್ಲ.

ಆ ಭಾನುವಾರ ಸಂಜೆ ಎಲ್ಲರೂ ಟೀವಿಯ ಮುಂದೆ ಕುಳಿತೆವು. ಶೈಲ ಒಬ್ಬೊಬ್ಬರನ್ನೇ ಹಿಂದೆ ಹಾಕಿ ಹತ್ತು ಪುಸ್ತಕ ಗೆದ್ದಳು. ಅವೇ ಪುಸ್ತಕ ಅವಳ ಶಾಲೆಯಲ್ಲೂ ಉಂಟು, ಬೀಗ ಹಾಕಿದ ಕಪಾಟಿನಲ್ಲಿ. ಶನಿವಾರ ಅರ್ಧ ಗಂಟೆ ಮುಟ್ಟಬಹುದು, ಮನೆಗೆ ತರುವ ಹಾಗಿಲ್ಲ. ಅವುಗಳಿಗಾಗಿ ಮಗು ಅತ್ತದ್ದನ್ನು ನಾನು ನೋಡಿದ್ದೇನೆ. ಚಪ್ಪಾಳೆ ತಟ್ಟಿದೆ. ಆಗ ಪ್ರಶ್ನೆ ಕೇಳುವವರು ಹೇಳಿದರು: "ಇನ್ನು ಬೋನಸ್ ಸುತ್ತು. ಒಂದೇ ಪ್ರಶ್ನೆ. ಉತ್ತರ ಸರಿಯಾದರೆ ಸೈಕಲ್ ಕೂಡ ನಿಮ್ಮದು. ತಪ್ಪಾದರೆ ಪುಸ್ತಕಗಳೂ ವಾಪಸು. ಬೇಡವೆಂದರೆ ಪುಸ್ತಕ ತೆಗೆದುಕೊಂಡು ಹೋಗಬಹುದು."

ನನ್ನ ಕೈ ಚಪ್ಪಾಳೆಯ ನಡುವೆಯೇ ನಿಂತಿತು. ಟೀವಿಯೊಳಗಿನ ಶೈಲ, "ಆಡ್ತೇನೆ ಸರ್" ಎಂದಳು.

ಮಗ ಸದಾನಂದ ಟೀವಿ ನೋಡುವುದು ಬಿಟ್ಟು ನನ್ನನ್ನು ನೋಡಿದ. "ಅಮ್ಮ, ನೀವು ಇವಳಿಗೆ ಎಂತ ಹೇಳಿ ಕಳಿಸಿದ್ದು?"

"ನಾನೆಂತ ಹೇಳ್ಲಿಕ್ಕೆ ಮಾರಾಯ? ಈ ಸುತ್ತು ಮಾಡಿದವರನ್ನು ಕೇಳು."

"ಅದು ಫಾರಿನ್ನಿನಿಂದ ಬಂದದ್ದು. ಆಟ ಮುಗಿದ ಕೂಡಲೇ ಜನ ಟೀವಿ ಮುಂದಿನಿಂದ ಎದ್ದು ಹೋಗ್ತಾರಲ್ಲ, ಅವರನ್ನು ಕೂರಿಸ್ಲಿಕ್ಕೆ."

ಫಾರಿನ್ನಿನಲ್ಲೂ ಮೀನು ಮಾರ್ಕೆಟ್ಟು ಇರಲೇಬೇಕು. ಇದನ್ನು ಮೊದಲು ಮಾಡಿದವನು ಚೀಲ ಹಿಡಿದು ನಿಂತವರನ್ನು ಕಂಡವನೇ. ಆದರೆ ಕೊಸರು ಕೊಡುವಾಗ ಲೀಲಕ್ಕ ಒಂದು ದಿನವೂ ಚೀಲದ ಮೀನಿಗೆ ಕೈ ಹಾಕಿದವಳಲ್ಲ. ಹೀಗೂ ಒಂದು ಕೊಸರು ಉಂಟೆಂದು ನನಗೆ ಗೊತ್ತಿರಲಿಲ್ಲ, ಮಗುವಿಗೆ ಹೇಳಲೂ ಇಲ್ಲ.

"ಮೂರು ಹೃದಯ ಇರುವ ಪ್ರಾಣಿ ಒಂದನ್ನು ಹೆಸರಿಸಿ" ಎಂದರು ಅವರು. ಗಡಿಯಾರ ಟಿಕ್ ಟಿಕ್ ಎನ್ನತೊಡಗಿತು. ನನ್ನ ಒಂದೇ ಹೃದಯ ಮೂರರ ಕೆಲಸ ಮಾಡುತ್ತಿತ್ತು. ಶೈಲ ತುಟಿ ಕಚ್ಚಿ ನಿಂತಳು, ಬಾಯಿ ತೆರೆದಳು, ಅಷ್ಟರಲ್ಲಿ ಟೀವಿಯ ತುಂಬ ಅಕ್ಕಿ ಚೆಲ್ಲಿದ ಹಾಗಾಯಿತು. ತೆಂಗಿನ ಮರಕ್ಕೆ ಕಟ್ಟಿದ ಆಂಟೆನಾದ ಮೇಲೆ ಕಾಗೆ! ಸದಾನಂದ ಕೋಲು ಹಿಡಿದು ಅಂಗಳಕ್ಕೆ ಓಡಿದ. ನಾವು ಉಳಿದವರು ಪಕ್ಕದಲ್ಲೇ ಕುಳಿತಿದ್ದ ಶೈಲನ ಕಡೆ ತಿರುಗಿದೆವು.

"ಈಗಲಾದ್ರೂ ಹೇಳೇ ಮಾರಾಯ್ತಿ!" ಎಂದು ಅವಳ ಅಮ್ಮ, ನನ್ನ ಸೊಸೆ ವಿಮಲ, ಬೇಡಿಕೊಂಡಳು.

"ಇನ್ನೂ ತೋರಿಸ್ಲಿಲ್ಲ ಅಲ್ವಾ?" ಎಂದಳು ಶೈಲ, ಕಲ್ಲಿನ ಹಾಗೆ.

ಕಾಗೆ ಹಾರಿತು, ಚಿತ್ರ ಬಂತು. ಪ್ರಶ್ನೆ ಕೇಳುವವರು ಶೈಲನ ಕೈ ಕುಲುಕುತ್ತಿದ್ದರು. ಸೋತ ಮಕ್ಕಳ ಕೈಯನ್ನೂ ಅವರು ಹೀಗೆಯೇ ಕುಲುಕಿದ್ದರು! ನಾನು ಕಣ್ಣು ಮುಚ್ಚಿಕೊಂಡೆ. ವಿಮಲ ಕಿರುಚಿದಳು, "ಮಾಮಿ, ಸೈಕಲ್!" ಕಣ್ಣು ತೆರೆದರೆ ಯಾರೋ ಸೈಕಲ್ ತಳ್ಳಿಕೊಂಡು ಬರುತ್ತಿದ್ದರು.

"ಆಕ್ಟೋಪಸ್ ಅಂತ ಹೇಳಿದೆ" ಎಂದಳು ಶೈಲ ನಿಧಾನವಾಗಿ. ಎರಡು ವಾರದ ಬೀಗ ಆಗ ತೆರೆಯಿತು.

ರಾತ್ರಿ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ವಿಮಲ ಒಬ್ಬೊಬ್ಬರಿಗೆ ಒಂದೊಂದು ಎಣ್ಣೆಯಲ್ಲಿ ಕಾಯಿಸಿದ ಬಂಗುಡೆ ಬಡಿಸಿದಳು. ಪಾತ್ರೆಯಲ್ಲಿ ಒಂದು ಉಳಿಯಿತು. ನಾನು ಅಭ್ಯಾಸದಂತೆ ಊಟದ ಬಟ್ಟಲು ಮುಂದೆ ಮಾಡಿದೆ.

"ನಿಲ್ಲಿ ಅಜ್ಜಿ" ಎಂದು ಶೈಲ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು. "ಬೋನಸ್ ಸುತ್ತು. ಒಂದೇ ಪ್ರಶ್ನೆ. ಸರಿಯಾದ್ರೆ ಇದೂ ನಿಮಗೆ. ತಪ್ಪಾದ್ರೆ ಬಟ್ಟಲಲ್ಲಿ ಇರುವುದೂ ವಾಪಸ್. ಆಡ್ತೀರಾ?"

ಎಲ್ಲರೂ ಊಟ ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ಬಟ್ಟಲಿನ ಬಂಗುಡೆಗೆ ಎರಡೂ ಕೈ ಅಡ್ಡ ಹಿಡಿದು, "ನನಗೆ ಹೊಟ್ಟೆ ತುಂಬಿತು ಮಗಾ" ಎಂದೆ.