ಗೋಲ್‌ಪೋಸ್ಟಿನಿಂದ ಕಂಡ ನಮ್ಮ ಹೆಣ್ಣುಮಕ್ಕಳ ಕ್ಲಬ್ಬು

ನಮ್ಮ ಹೆಣ್ಣುಮಕ್ಕಳ ಫುಟ್‌ಬಾಲ್ ಕ್ಲಬ್ಬಿಗೆ ಶುರುವಿನಿಂದ ಗೋಲ್‌ಕೀಪರ್ ಆಗಿದ್ದವಳು ನಾನು. ನನ್ನ ಕಡೆಗೆ ಬಂದ ಚೆಂಡುಗಳನ್ನಾದರೂ ಎಣಿಸಬಹುದು, ಬಂದ ಮಾತುಗಳನ್ನಲ್ಲ. ಎರಡನ್ನೂ ತಡೆದು ತಿರುಗಿ ಒದೆಯುವುದು ಬೇಗ ಅಭ್ಯಾಸವಾಯಿತು.

ಮೊದಲ ಗೆಲುವು

ಹಾಕಿಯೇ ಉಸಿರಾದ ನಮ್ಮ ಕೊಡಗಿನಲ್ಲಿ, ವಿರಾಜಪೇಟೆ ಹತ್ತಿರದ ಮೈದಾನಕ್ಕೆ ನಾವು ಹನ್ನೊಂದು ಜನ ಮೊದಲ ಸಲ ಇಳಿದಾಗ, ಅಲ್ಲಿ ದಿನಾ ಆಡುತ್ತಿದ್ದ ಗಂಡಸರು, "ಹಾಕಿ ಸ್ಟಿಕ್ ಮನೇಲೇ ಬಿಟ್ಟು ಬಂದ್ರಾ?" ಅಂತ ನಕ್ಕರು. "ಗ್ರೌಂಡ್ ಬೇಕಾದ್ರೆ ನಮ್ಮನ್ನ ಸೋಲ್ಸಿ" ಅಂದರು. ಆಡಿದೆವು. ಒಂಬತ್ತು ಗೋಲು ತಿಂದೆವು. ಮರುದಿನ ಬೆಳಗ್ಗೆ ಮತ್ತೆ ಹೋದೆವು.

"ನಿನ್ನೆ ಸೋತ್ರಲ್ಲ?"

"ಅದು ನಿನ್ನೇದು ಅಣ್ಣಾ. ಇವತ್ತಿಂದು ಇನ್ನೂ ಬಾಕಿ ಇದೆ" ಅಂದಳು ನಮ್ಮ ಕ್ಯಾಪ್ಟನ್.

ಹೀಗೆ ಎರಡು ವಾರ ಬಿಡದೆ ಸೋತೆವು. ಹದಿನೈದನೇ ದಿನ ಅವರು ಬರಲೇ ಇಲ್ಲ. ನಮ್ಮ ಕ್ಲಬ್ಬಿನ ಮೊದಲ ಗೆಲುವು ಅದೇ.

ದಾರಿಗೆ ಅಡ್ಡ

ರಾಜ್ಯ ಲೀಗಿಗೆ ಸೇರಿದ ವರ್ಷ, ಮೈಸೂರಿನ ಪಂದ್ಯಕ್ಕೆ ಹೊರಟ ನಮ್ಮ ಬಸ್ಸಿಗೆ ತಿತಿಮತಿಯ ಕಾಡುದಾರಿಯಲ್ಲಿ ಆನೆ ಅಡ್ಡ ನಿಂತಿತು. ತಡವಾಗಿ ಮುಟ್ಟಿದ ನಮ್ಮನ್ನು ನೋಡಿ ಪಂದ್ಯದ ಅಧಿಕಾರಿ ಸಿಡುಕಿದರು: "ಎಲ್ಲರೂ ಟ್ರಾಫಿಕ್ ಅಂತಾರೆ, ನೀವೇನ್ರೀ ಆನೆ ಅಂತೀರಾ?"

ಬಸ್ಸಿನಲ್ಲೇ ಬೂಟು ಹಾಕಿಕೊಂಡಿದ್ದ ಕ್ಯಾಪ್ಟನ್ ಮೈದಾನಕ್ಕೆ ಓಡುತ್ತಲೇ ಹೇಳಿದಳು: "ನಿಮ್ಮ ಟ್ರಾಫಿಕ್ ಹಾರ್ನ್ ಹೊಡೆದ್ರೆ ಸರಿಯುತ್ತೆ ಸಾರ್. ನಮ್ಮದು ಹಾರ್ನ್ ಹೊಡೆದ್ರೆ ಹತ್ತಿರ ಬರುತ್ತೆ!"

ಸಂಬಳದ ಆಟ

ಆಟಕ್ಕೆ ಸಂಬಳ ಶುರುವಾದ ಮೇಲೆ, ಕುಶಾಲನಗರದ ನಮ್ಮ ಡಿಫೆಂಡರ್ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬಂದರು. "ಮದುವೆ ಆದ್ಮೇಲೆ ಆಟ ಬಿಡ್ಬೇಕಮ್ಮ" ಅಂದರು ಹುಡುಗನ ಅಪ್ಪ.

"ನಿಮ್ಮ ಮಗ ಬ್ಯಾಂಕ್ ಕೆಲಸ ಬಿಡ್ತಾರಾ?" ಅಂದಳು ಇವಳು.

"ಅದು ಉದ್ಯೋಗ."

"ಇದೂ ಉದ್ಯೋಗವೇ. ಅವರಿಗೆ ಭಾನುವಾರ ರಜೆ, ನಮಗೆ ಅದೂ ಇಲ್ಲ."

ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದರು. ಆ ಸೀಸನ್ನಿನಲ್ಲಿ ಅವಳನ್ನು ದಾಟಲಾಗದೆ ವಾಪಸ್ಸಾದ ಮೊದಲ ಫಾರ್ವರ್ಡುಗಳು ಅವರೇ.

ಮಡಿಕೇರಿಯ ಸನ್ಮಾನ

ಕೊನೆಗೂ ಲೀಗ್ ಗೆದ್ದೆವು. ಮಡಿಕೇರಿಯಲ್ಲಿ ಸನ್ಮಾನ. ನಮ್ಮ ಕೋಚ್ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಹುಟ್ಟಿ ಬೆಳೆದ ಹೆಂಗಸು. ಸಾದಾ ಸೀರೆ ಉಟ್ಟು ವೇದಿಕೆಯ ಪಕ್ಕ ನಿಂತಿದ್ದರು. ಮುಖ್ಯ ಅತಿಥಿಗಳು ಕಾಫಿ ಕುಡಿದು, ಖಾಲಿ ಕಪ್ಪನ್ನು ಅವರ ಕೈಗಿಟ್ಟು, "ತಗೊಂಡು ಹೋಗಮ್ಮ" ಅಂದರು. ನಾವೆಲ್ಲ ಮುಂದೆ ನುಗ್ಗಿದೆವು. ಕೋಚ್ ಕಣ್ಣಲ್ಲೇ ಸುಮ್ಮನಿರಿಸಿದರು.

ಕೋಚ್ ವೇದಿಕೆಗೆ ಬರಬೇಕೆಂದು ನಿರೂಪಕರು ಮೈಕಿನಲ್ಲಿ ಕರೆದರು. ತಂಡದ ಜೊತೆಯಲ್ಲಿದ್ದ ಗಂಡಸು ನಮ್ಮ ಬಸ್ ಡ್ರೈವರ್ ಒಬ್ಬರೇ. ಅತಿಥಿಗಳು ನೇರ ಅವರ ಕೊರಳಿಗೇ ಹಾರ ಹಾಕಿ, "ಈ ಹುಡುಗಿಯರನ್ನ ಹೇಗೆ ಪಳಗಿಸಿದ್ರಿ?" ಅಂತ ಮೈಕು ಹಿಡಿದರು.

ಡ್ರೈವರ್ ಹಾರ ಬಿಚ್ಚತೊಡಗಿದರು. "ನಾನು ಪಳಗ್ಸಿದ್ದು ಬಸ್ಸು ಮಾತ್ರ ಸಾರ್. ಕೋಚು... ಅಲ್ಲಿ ನಿಂತಿದ್ದಾರಲ್ಲ, ಆ ಅಕ್ಕ."

ಕೋಚ್ ಆ ಖಾಲಿ ಕಪ್ಪು ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ಅತಿಥಿಗಳು ಟ್ರೋಫಿ ಎತ್ತಿಕೊಂಡು, "ಕ್ಷಮಿಸಿ, ಗೊತ್ತಾಗಲಿಲ್ಲ" ಅಂತ ತೊದಲಿದರು.

"ಪರವಾಗಿಲ್ಲ ಸಾರ್" ಅಂದರು ಕೋಚ್ ಮೈಕಿಗೆ ಬಾಗಿ. "ನೀವು ಕುಡಿದ ಕಪ್ ನೀವೇ ಇಟ್ಕೊಳ್ಳಿ. ನಾವು ಗೆದ್ದ ಕಪ್ ನಮಗೆ ಕೊಡಿ."