ಬಿನ್ನಿಪೇಟೆಗೆ ಹೋದ ಮೋಟಾರು

ಮನೆಯಲ್ಲಿ ಕೂತ ಹುಡುಗನ ಕೈಗೆ ಕಾಲೇಜಿನ ಮೋಟಾರು ಕೊಟ್ಟರೆ ಏನೇನಾಗುತ್ತದೆಂದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ನನಗೆ ಮಾತ್ರ ವಾರಕ್ಕೊಂದು ಪಾಠವಾಗುತ್ತದೆ. ಕೆಂಗೇರಿಯಾಚೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ನಡೆಸುವ ರಿಮೋಟ್ ಲ್ಯಾಬಿನಲ್ಲಿ ಇರುವುದು ಒಂದೇ ಮೋಟಾರು, ಅದರ ಮುಂದೊಂದು ಕ್ಯಾಮೆರಾ. ಹುಡುಗರು ಮನೆಯಿಂದಲೇ ಇಂಟರ್ನೆಟ್‌ನಲ್ಲಿ ಅದರ ವೇಗ ಏರಿಸಿ ಇಳಿಸಿ ರೀಡಿಂಗ್ ಬರೆದುಕೊಳ್ಳಬೇಕು.

ಪ್ರಿನ್ಸಿಪಾಲರಿಗೆ ಇದು ಬೇಡ. "ಒಂದು ವಿಡಿಯೋ ತೋರಿಸಿದ್ರೆ ಸಾಲ್ದೇನ್ರೀ? ಈ ವರ್ಷ ನೋಡ್ತೀನಿ, ಆಮೇಲೆ ಮುಚ್ಚಿಸ್ತೀನಿ" ಎಂದಿದ್ದರು.

ಕೆಂಪು ಟೇಪು

ಈ ವರ್ಷದ ಮೊದಲ ದಿನವೇ ವಿಜಯನಗರದ ಹುಡುಗನೊಬ್ಬನ ಫೋನ್. "ಸಾರ್, ಮೋಟಾರ್ ತಿರುಗ್ತಾನೇ ಇಲ್ಲ."

ನನ್ನ ಪಕ್ಕದಲ್ಲೇ ಅದು ಗುಂಯ್‌ಗುಡುತ್ತಿತ್ತು. ಅದರ ತಿರುಗುವ ದಂಡ, ಅಂದರೆ ಶಾಫ್ಟು, ನುಣುಪಾಗಿರುವುದರಿಂದ ಕ್ಯಾಮೆರಾದಲ್ಲಿ ನಿಂತಂತೆ ಕಾಣುತ್ತದೆ. ನಿಲ್ಲಿಸಿ, ಶಾಫ್ಟಿಗೆ ಕೆಂಪು ಟೇಪು ಅಂಟಿಸಿ, ನಿಧಾನವಾಗಿ ಓಡಿಸಿದೆ.

"ಈಗ ಕಾಣ್ತಾ ಇದೆಯೇನಪ್ಪಾ?"

"ಟೇಪ್ ತಿರುಗ್ತಾ ಇದೆ ಸಾರ್. ಮೋಟಾರ್ ಯಾವಾಗ ಆನ್ ಮಾಡ್ತೀರಾ?"

ಆಯುಧ ಪೂಜೆ

ಪೂಜೆಗೆ ಮುನ್ನ ಮೈನ್ ಸ್ವಿಚ್ ಆಫ್ ಮಾಡಬೇಕೆಂದು ಗೋಡೆಗೆ ಬರೆಸಿದ್ದೆ. ನಮ್ಮ ಅಟೆಂಡರ್ ಆ ಬರಹಕ್ಕೂ ಕುಂಕುಮವಿಟ್ಟು, ಸ್ವಿಚ್ ಮುಟ್ಟದೆ, ಶಾಫ್ಟಿಗೆ ಸೇವಂತಿಗೆ ಹಾರ ಸುತ್ತಿ, ಕ್ಯಾಮೆರಾದ ಕಣ್ಣಿಗೂ ದೊಡ್ಡದೊಂದು ಬೊಟ್ಟಿಟ್ಟು ಹೊರಟರು. ಹೇರೋಹಳ್ಳಿಯಲ್ಲಿ ಕೂತು, ರಜಾದಿನವೂ ಓದುವ ಒಬ್ಬನೇ ಹುಡುಗ ಮೋಟಾರು ಚಾಲೂ ಮಾಡಿದ. ಹಾರದ ದಾರ ಸಿಕ್ಕಿಕೊಂಡು ಶಾಫ್ಟು ಬಿಗಿದುಕೊಂಡಿತು, ಒಳಗಿನ ತಂತಿಸುರುಳಿ, ಅಂದರೆ ವೈಂಡಿಂಗ್, ಸುಟ್ಟುಹೋಯಿತು.

"ಏನೂ ಕಾಣದಿದ್ದಾಗ ನಿಲ್ಲಿಸೋದಲ್ವೇನಯ್ಯಾ?"

"ಬರೀ ಕೆಂಪು ಕಾಣ್ತಿತ್ತು ಸಾರ್. ನಿಮ್ಮ ಟೇಪ್ ಅಂದ್ಕೊಂಡೆ. ತಿರುಗ್ತಿಲ್ಲ ಅಂತ ಸ್ಪೀಡ್ ಏರಿಸ್ತಾ ಹೋದೆ. ಟ್ರಿಪ್ ಆಗಿ ಕರೆಂಟ್ ನಿಂತಾಗೆಲ್ಲ ರಿಸೆಟ್ ಒತ್ತಿದೆ."

ಅಟೆಂಡರನ್ನು ಕರೆಸಿದೆ. ಅವರು ಕೈಮುಗಿದರು. ನನಗಲ್ಲ, ಮೋಟಾರಿಗೆ. "ಪೂಜೆ ಮಾಡಿದ್ದಕ್ಕೆ ಇಷ್ಟರಲ್ಲೇ ಹೋಯ್ತು ಸಾರ್. ಇಲ್ದಿದ್ರೆ ಬಿಲ್ಡಿಂಗೇ ಹತ್ಕೊಂಡು ಉರೀತಿತ್ತು."

ಖಾಲಿ ಮೇಜು

ಮೋಟಾರು ರೀವೈಂಡಿಂಗಿಗೆ ಬಿನ್ನಿಪೇಟೆಗೆ ಹೋಯಿತು. ವಾಪಸ್ ತರಿಸಲು ಪ್ರಿನ್ಸಿಪಾಲರ ಸಹಿ ಬೇಕಿತ್ತು, ಅವರು ಕೊಡುತ್ತಿರಲಿಲ್ಲ. ಲ್ಯಾಬಿನ ಪುಟದಲ್ಲಿ 'ಮೋಟಾರು ರಿಪೇರಿಯಲ್ಲಿದೆ' ಎಂದು ದಪ್ಪಕ್ಷರದಲ್ಲಿ ಹಾಕಿದೆ. ಕ್ಯಾಮೆರಾ ಖಾಲಿ ಮೇಜನ್ನು ತೋರಿಸುತ್ತಿತ್ತು.

ಆದರೂ ಇಡೀ ತರಗತಿಯ ವರದಿ ಬಂತು. ರೀಡಿಂಗ್‌ಗಳೆಲ್ಲ ಹೋದ ವರ್ಷದ ಹುಡುಗರ ವರದಿಯಿಂದ ನಕಲು ಮಾಡಿದ್ದು. ಒಬ್ಬ ಸ್ವಂತ ವಾಕ್ಯವೊಂದನ್ನು ಸೇರಿಸಿದ್ದ: 'ಮೋಟಾರು ಸದ್ದಿಲ್ಲದೆ, ಅದುರದೆ ಓಡಿತು.'

ವರದಿಗಳ ಕಟ್ಟನ್ನು ಪ್ರಿನ್ಸಿಪಾಲರ ಮುಂದಿಟ್ಟೆ. "ನೋಡಿ ಸಾರ್. ಮೋಟಾರು ಅಲ್ಲಿರಲೇ ಇಲ್ಲ. ಒಬ್ಬನೂ ಕೇಳಲಿಲ್ಲ. ಇವರಿಗೆ ನಿಜವಾದ ಮೋಟಾರು ಬೇಕೇ ಬೇಕು."

ಅವರು ಒಂದೊಂದೇ ಹಾಳೆ ತಿರುವಿದರು. ಮುಖ ಅರಳಿತು.

"ಸುಟ್ಟಿಲ್ಲ, ಟ್ರಿಪ್ ಆಗಿಲ್ಲ, ಒಬ್ನೂ ಫೇಲಾಗಿಲ್ಲ. ಇಷ್ಟು ಚೆನ್ನಾಗಿ ಯಾವತ್ತು ಓಡಿತ್ರೀ ನಿಮ್ಮ ಲ್ಯಾಬು? ಮುಚ್ಚಲ್ಲ ಬಿಡಿ, ನಡೀಲಿ. ಮೋಟಾರ್ ಮಾತ್ರ ವಾಪಸ್ ತರಿಸ್ಬೇಡಿ."